ಮಾತು ಹೋಯ್ತು ಅಂದರೆ ಏನು ಹೋಯ್ತು? ತಲೆಯೊಳಗೆ ಮಾತು ಹುಟ್ಟುವ, ಅರ್ಥವಾಗುವ ಬಗೆ

"ಯಜಮಾನ್ರಿಗೆ ಲಕ್ವ ಹೊಡೀತು, ಮಾತು ಹೋಯ್ತು." ಹಾಸನದ ಆಸ್ಪತ್ರೆ ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ಕೂತರೆ ಈ ಮಾತು ಕಿವಿಗೆ ಬೀಳುತ್ತದೆ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಇನ್ನೇನು, ಅವರಿಗೆ ಯಾವುದೂ ಗೊತ್ತಾಗಲ್ಲ ಬಿಡಿ." ಈ ಎರಡನೇ ಮಾತು ಬಹಳ ಸಲ ತಪ್ಪು. ತಪ್ಪು ಅನ್ನುವುದಕ್ಕಿಂತ ಹೆಚ್ಚಾಗಿ, ಅದರಿಂದ ಮನೆಯ ಹಿರಿಯರಿಗೆ ಆಗುವ ನೋವು ದೊಡ್ಡದು. ಅವರ ಎದುರಿಗೇ ಆಸ್ಪತ್ರೆ ಖರ್ಚಿನ ಜಗಳ ನಡೆಯುತ್ತದೆ, ಜಮೀನು ಪಾಲಿನ ಮಾತು ಬರುತ್ತದೆ. ಮಂಚದ ಮೇಲೆ ಮಲಗಿದ ತಾತನಿಗೆ ಅದೆಲ್ಲ ಅರ್ಥವಾಗುತ್ತಿರಬಹುದು. ಉತ್ತರ ಕೊಡಲು ಮಾತ್ರ ಆಗುತ್ತಿಲ್ಲ.

ಲಕ್ವ ಹೊಡೆಯುವುದಕ್ಕೆ ಸಾಮಾನ್ಯ ಕಾರಣ ಸ್ಟ್ರೋಕ್, ಅಂದರೆ ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಅಥವಾ ಒಡೆಯುವುದು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಶುರುವಿನ ದಿನಗಳಲ್ಲಿ ಭಾಷೆಯ ತೊಂದರೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ವೈದ್ಯರು ಅಫೇಸಿಯಾ ಅನ್ನುತ್ತಾರೆ. ಚೀಟಿಯಲ್ಲಿ ಈ ಪದ ಬರೆದು ಕೊಟ್ಟಾಗ ಮನೆಯವರಿಗೆ ಏನೂ ಹೊಳೆಯುವುದಿಲ್ಲ. ಅದು ಹೊಳೆಯಬೇಕಾದರೆ ನಾವು ದಿನವೂ ಯೋಚಿಸದೆ ಮಾಡುವ ಒಂದು ಕೆಲಸ ತಲೆಯೊಳಗೆ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು.

## ದನಿ, ಮಾತು, ಭಾಷೆ

ಈ ಮೂರನ್ನೂ ನಾವು ಒಂದೇ ಅಂತ ಬಳಸುತ್ತೇವೆ. ಇಲ್ಲಿ ಬೇರೆ ಮಾಡಿ ನೋಡೋಣ.

ದನಿ ಅಂದರೆ ಗಂಟಲಿನಿಂದ ಬರುವ ಶಬ್ದ. ಶೀತ ಆಗಿ ಗಂಟಲು ಕಟ್ಟಿದಾಗ ಹೋಗುವುದು ಇದೇ. ಆಗಲೂ ನೀವು ಪಿಸುಗುಟ್ಟಿ ಹೇಳಬೇಕಾದ್ದನ್ನು ಹೇಳುತ್ತೀರಿ. ಮಾತು ಅಂದರೆ ನಾಲಿಗೆ, ತುಟಿ, ದವಡೆ ಸೇರಿ ಆ ಶಬ್ದಕ್ಕೆ ಕೊಡುವ ರೂಪ. ಭಾಷೆ ಇವೆರಡಕ್ಕಿಂತ ಒಳಗಿನದು. ಪದಗಳು, ಅವುಗಳ ಅರ್ಥ, ಅವನ್ನು ಜೋಡಿಸುವ ರೀತಿ, ಎಲ್ಲವೂ ಅದರಲ್ಲಿ ಬಂತು. ಕಿವಿ ಕೇಳದವರು ಸನ್ನೆ ಭಾಷೆಯಲ್ಲಿ ಮಾತಾಡುವುದನ್ನು ನೋಡಿದ್ದೀರಲ್ವಾ? ಅಲ್ಲಿ ದನಿ ಇಲ್ಲ, ಬಾಯಿ ಮಾತಿಲ್ಲ, ಆದರೆ ಭಾಷೆ ಪೂರ್ತಿ ಇದೆ. ಅಂಥವರಿಗೆ ಮೆದುಳಿನ ಎಡಭಾಗದಲ್ಲಿ ಪೆಟ್ಟಾದರೆ, ಕೈ ಆಡಿಸಲು ಬಂದರೂ ಸನ್ನೆ ಭಾಷೆ ಕೆಡುತ್ತದೆ. ಭಾಷೆ ಬಾಯಲ್ಲೂ ಇಲ್ಲ, ಕೈಯಲ್ಲೂ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ಯೋಚನೆ. ಅದು ಈ ಮೂರಕ್ಕಿಂತಲೂ ಹಿಂದಿದೆ. ತೀವ್ರವಾದ ಅಫೇಸಿಯಾ ಇದ್ದು ಒಂದು ವಾಕ್ಯ ಕಟ್ಟಲಾಗದವರೂ ಲೆಕ್ಕ ಬಿಡಿಸಿದ್ದನ್ನು, ಚದುರಂಗ ಆಡಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

## ಹೇಳಬೇಕು ಅನ್ನಿಸಿದ ಮೇಲೆ ಏನಾಗುತ್ತದೆ

ಒಂದು ಪದ ಬಾಯಿಗೆ ಬರುವ ಮೊದಲು ಹಲವು ಹಂತ ದಾಟುತ್ತದೆ. ಕಾಫಿ ತೋಟದವರಿಗೆ ಇದು ಸುಲಭವಾಗಿ ಅರ್ಥವಾದೀತು. ಗಿಡದಲ್ಲಿ ಹಣ್ಣಿರುತ್ತದೆ, ಕೊಯ್ಲು ಆಗುತ್ತದೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಆಗುತ್ತದೆ, ಕಣದಲ್ಲಿ ಒಣಗುತ್ತದೆ, ಆಮೇಲೆ ಬೀಜದ ಮೇಲಿನ ಒಣ ಪದರ ತೆಗೆದು ವಿಂಗಡಿಸುವ ಕ್ಯೂರಿಂಗಿಗೆ ಹೋಗುತ್ತದೆ. ಪಲ್ಪಿಂಗ್ ಯಂತ್ರ ಕೆಟ್ಟು ನಿಂತರೆ ಆ ಕೆಲಸ ಅಲ್ಲೇ ನಿಲ್ಲುತ್ತದೆ. ಹಾಗಂತ ತೋಟದಲ್ಲಿ ಫಸಲೇ ಇಲ್ಲ ಅಂತ ಯಾರೂ ಹೇಳುವುದಿಲ್ಲ. ಮಾತಿನಲ್ಲೂ ಯಾವ ಹಂತ ಕೆಟ್ಟಿದೆ ಅನ್ನುವುದೇ ಮುಖ್ಯ. ಒಂದು ವ್ಯತ್ಯಾಸ ಇದೆ: ತಲೆಯೊಳಗೆ ಒಂದು ಹಂತ ಪೂರ್ತಿ ಮುಗಿಯುವ ತನಕ ಮುಂದಿನದು ಕಾಯುವುದಿಲ್ಲ, ಒಂದರ ಮೇಲೊಂದು ಹತ್ತಿಕೊಂಡೇ ನಡೆಯುತ್ತವೆ.

ಮೊದಲು ಬರುವುದು ವಿಷಯ. ಮೇಜಿನ ಮೇಲೆ ಒಂದು ಚೊಂಬು ಕಾಣಿಸಿತು ಅಂದುಕೊಳ್ಳಿ. ಅದು ಏನು, ಯಾವುದಕ್ಕೆ ಬಳಸುತ್ತಾರೆ ಅಂತ ಮನಸ್ಸಿಗೆ ಬರುತ್ತದೆ. ಆಮೇಲೆ ಪದದ ಆಯ್ಕೆ. ಚೊಂಬು, ಲೋಟ, ತಂಬಿಗೆ, ಬಿಂದಿಗೆ ಎಲ್ಲವೂ ಸ್ವಲ್ಪ ಸ್ವಲ್ಪ ಎಚ್ಚರಗೊಳ್ಳುತ್ತವೆ, ಅವುಗಳಲ್ಲಿ ಒಂದು ಗೆಲ್ಲುತ್ತದೆ. ಮೂರನೆಯದು ಆ ಪದದ ಉಚ್ಚಾರದ ತುಂಡುಗಳು, ಚೊ, ಅನುಸ್ವಾರ, ಬು, ಸರಿಯಾದ ಸಾಲಿನಲ್ಲಿ ಕೂರುವುದು. ಕೊನೆಗೆ ನಾಲಿಗೆ ತುಟಿಗಳಿಗೆ ಅಪ್ಪಣೆ ಹೋಗುವುದು. ಒಂದು ಚಿತ್ರ ನೋಡಿ ಅದರ ಹೆಸರು ಹೇಳಲು ಶುರು ಮಾಡಲು ದೊಡ್ಡವರಿಗೆ ಹಿಡಿಯುವ ಸಮಯ ಸುಮಾರು 600 ಮಿಲಿಸೆಕೆಂಡು. ಅಂದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ.

ಇಲ್ಲೊಂದು ವಿಚಿತ್ರ ಇದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆ ಬೇರೆ ಖಂಡಗಳ 10 ಭಾಷೆಗಳ ಮಾತುಕತೆ ಅಳೆಯಿತು. ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡು ಮಾತ್ರ. ಒಂದು ಪದ ತಯಾರಾಗಲು 600 ಬೇಕು, ಬಿಡುವು 200. ಲೆಕ್ಕ ಹೊಂದುವುದು ಹೇಗೆ? ಎದುರಿನವರು ಮಾತು ಮುಗಿಸುವ ಮೊದಲೇ ನಾವು ಅದರ ಕೊನೆ ಊಹಿಸಿ ಉತ್ತರ ಕಟ್ಟಲು ಶುರು ಮಾಡಿರುತ್ತೇವೆ. "ನಾಳೆ ಬೇಲೂರಿಗೆ..." ಅನ್ನುವಷ್ಟರಲ್ಲೇ "ಬರ್ತೀನಿ ಬರ್ತೀನಿ" ಅಂತ ಬಾಯಿಗೆ ಬಂದಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೋಗೋದೋ ಬೇಡವೋ ಅನ್ನುವುದು ಕಟ್ಟಕಡೆಗೆ ಗೊತ್ತಾಗುವ ಭಾಷೆಯಲ್ಲೂ ನಾವು ಈ ಊಹೆಯನ್ನು ಸಲೀಸಾಗಿ ಮಾಡುತ್ತೇವೆ.

ಹಂತಗಳು ಬೇರೆ ಬೇರೆ ಅನ್ನುವುದಕ್ಕೆ ಆಸ್ಪತ್ರೆಗೇ ಹೋಗಬೇಕಿಲ್ಲ. ಪರಿಚಯದವರೊಬ್ಬರು ದಾರಿಯಲ್ಲಿ ಸಿಕ್ಕಾಗ ಅವರ ಊರು, ಅವರ ಮಗಳ ಮದುವೆ, ಛತ್ರದ ಊಟ ಎಲ್ಲ ನೆನಪಿಗೆ ಬಂದು ಹೆಸರೊಂದು ಬಾರದೆ ನಾಲಿಗೆ ತುದಿಯಲ್ಲೇ ಸಿಕ್ಕಿಕೊಳ್ಳುತ್ತದಲ್ಲ, ಅದೇ ಸಾಕ್ಷಿ. ವಿಷಯ ಸಿಕ್ಕಿದೆ, ಉಚ್ಚಾರ ಸಿಕ್ಕಿಲ್ಲ. 1966ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಬೇಕೆಂದೇ ಉಂಟುಮಾಡಿ ಪರೀಕ್ಷಿಸಿದರು. ಪದ ನೆನಪಾಗದೆ ಒದ್ದಾಡುವ ಹೊತ್ತಿನಲ್ಲೂ ಅದರ ಮೊದಲ ಅಕ್ಷರ, ಅದು ಎಷ್ಟು ಉದ್ದ ಅನ್ನುವುದು ಜನರಿಗೆ ಬಹಳ ಸಲ ಸರಿಯಾಗಿಯೇ ಗೊತ್ತಿತ್ತು. ಅಫೇಸಿಯಾ ಇರುವವರಲ್ಲಿ ಅನೇಕರು ಇಡೀ ದಿನ, ಪ್ರತಿ ಪದಕ್ಕೂ ಈ ಸ್ಥಿತಿಯಲ್ಲಿರುತ್ತಾರೆ. ಅವರ ಸಿಟ್ಟು ಯಾಕೆ ಅಷ್ಟು ಬೇಗ ಏರುತ್ತದೆ ಅಂತ ಈಗ ಊಹಿಸಬಹುದು.

## ತರೀಕೆರೆ ಏರಿ ಮೇಲೆ ನಾಲಿಗೆ ಜಾರುವುದು ಯಾಕೆ

"ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು." ನಮ್ಮ ಜಿಲ್ಲೆಗಳಲ್ಲಿ ಇದನ್ನು ಬೇಗ ಬೇಗ ಹೇಳಿಸಿ ಮಕ್ಕಳನ್ನು ತೊದಲಿಸದ ಮನೆ ಇಲ್ಲ. ಈಗ ಒಂದು ಕೆಲಸ ಮಾಡಿ. ಬಾಯಿ ಮುಚ್ಚಿ, ನಾಲಿಗೆ ಆಡಿಸದೆ, ಮನಸ್ಸಿನಲ್ಲೇ ಮೂರು ಸಲ ಬೇಗ ಹೇಳಿಕೊಳ್ಳಿ. ಅಲ್ಲೂ ಎಡವುತ್ತದೆ. ಅಂದರೆ ತಪ್ಪು ನಾಲಿಗೆಯದ್ದು ಮಾತ್ರ ಅಲ್ಲ. ಉಚ್ಚಾರವನ್ನು ಸಾಲಾಗಿ ಜೋಡಿಸುವ ಹಂತದಲ್ಲೇ ಗೊಂದಲ ಶುರುವಾಗಿದೆ.

ಕರಿ, ಕುರಿ, ಮರಿ. ಮೂರಕ್ಕೂ ಕೊನೆ ಒಂದೇ, "ರಿ". ಮೊದಲ ಅಕ್ಷರ ಮಾತ್ರ ಬೇರೆ. ನೀವು "ಕುರಿ" ಅನ್ನುವ ಹೊತ್ತಿಗೆ ಆಗಷ್ಟೇ ಹೇಳಿದ "ಕರಿ" ಇನ್ನೂ ಪೂರ್ತಿ ತಣ್ಣಗಾಗಿರುವುದಿಲ್ಲ, ಮುಂದಿನ "ಮರಿ" ಆಗಲೇ ಬಿಸಿಯಾಗಿರುತ್ತದೆ. ಮೂರೂ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಮುಂದಿನದನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುವುದರಿಂದಲೇ ನಾವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಧ್ವನಿಗಳನ್ನು ಆಡಬಲ್ಲೆವು, ಅದೇ ಕಾರಣಕ್ಕೆ ಒಮ್ಮೊಮ್ಮೆ ಜಾರುತ್ತೇವೆ.

ಹೀಗೆ ಜಾರುವುದಕ್ಕೂ ನಿಯಮ ಇದೆ. "ಕಾಫಿ ತೋಟ" ಅನ್ನಲು ಹೋಗಿ ಯಾರಾದರೂ "ತಾಫಿ ಕೋಟ" ಅಂದಾರು. ಮೊದಲ ವ್ಯಂಜನ ಇನ್ನೊಂದು ಪದದ ಮೊದಲ ವ್ಯಂಜನದ ಜೊತೆ ಅದಲುಬದಲಾಯಿತು, ಸ್ವರಗಳು ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಕನ್ನಡದಲ್ಲಿ ಇಲ್ಲವೇ ಇಲ್ಲದ ಜೋಡಣೆ ಇಂಥ ತಪ್ಪಿನಲ್ಲಿ ಬರುವುದು ತೀರಾ ಅಪರೂಪ. ಇಂಥ ತಪ್ಪುಗಳನ್ನು ಸಾವಿರಗಟ್ಟಲೆ ಕೂಡಿಹಾಕಿಯೇ ಸಂಶೋಧಕರು ಒಳಗಿನ ಹಂತಗಳನ್ನು ಗುರುತಿಸಿದ್ದು.

## ಬಾಯೊಳಗಿನ ಕೆಲಸ

ಶ್ವಾಸಕೋಶದಿಂದ ಗಾಳಿ ಮೇಲೆ ಬರುತ್ತದೆ. ಗಂಟಲಲ್ಲಿ ಎರಡು ಸಣ್ಣ ಮಡಿಕೆಗಳಿವೆ, ಧ್ವನಿತಂತುಗಳು. ಮಾತಾಡುವಾಗ ಅವು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ಅದುರುತ್ತವೆ. ಗಂಟಲ ಮೇಲೆ ಬೆರಳಿಟ್ಟು "ಸ್ಸ್ಸ್" ಅನ್ನಿ, ಏನೂ ಆಗುವುದಿಲ್ಲ. "ಮ್ಮ್ಮ್" ಅನ್ನಿ, ಅದುರು ಸಿಗುತ್ತದೆ. ಹಾಗೆಯೇ ಮೂಗು ಹಿಡಿದುಕೊಂಡರೆ "ಮ್ಮ್ಮ್" ನಿಂತೇ ಹೋಗುತ್ತದೆ, ಯಾಕೆಂದರೆ ಅದರ ಗಾಳಿ ಹೊರಹೋಗುವ ದಾರಿ ಮೂಗು.

ಒಂದನೇ ತರಗತಿಯಲ್ಲಿ ಕಲಿತ ವರ್ಣಮಾಲೆಯನ್ನು ಈಗ ನಿಧಾನವಾಗಿ ಹೇಳಿ ನೋಡಿ. ಕ, ಚ, ಟ, ತ, ಪ. ಕ ಅನ್ನುವಾಗ ನಾಲಿಗೆಯ ಹಿಂಭಾಗ ಮೇಲೆ ತಾಗುತ್ತದೆ. ಚ ಅನ್ನುವಾಗ ನಡುಭಾಗ ಅಂಗುಳಕ್ಕೆ ತಾಗುತ್ತದೆ. ಟ ಅಂದರೆ ನಾಲಿಗೆ ತುದಿ ಮೇಲಕ್ಕೆ ಮಡಚುತ್ತದೆ, ತ ಅಂದರೆ ಹಲ್ಲಿಗೆ ಬರುತ್ತದೆ, ಪ ಅಂದರೆ ತುಟಿಯಲ್ಲೇ ಮುಗಿಯುತ್ತದೆ. ಗಂಟಲ ಕಡೆಯಿಂದ ತುಟಿಯ ಕಡೆಗೆ ಸಾಲಾಗಿ ಬಂದಿದ್ದೇವೆ. ಒಂದೊಂದು ಸಾಲಿನ ಒಳಗೂ ಕ್ರಮ ಇದೆ: ಪ ಅನ್ನುವಾಗ ಧ್ವನಿತಂತು ಅದುರುವುದಿಲ್ಲ, ಬ ಅನ್ನುವಾಗ ಅದುರುತ್ತದೆ, ಫ ಮತ್ತು ಭ ಜೊತೆ ಉಸಿರು ಜಾಸ್ತಿ ಬರುತ್ತದೆ, ಮ ಮೂಗಿನಿಂದ ಬರುತ್ತದೆ. ಇದನ್ನು ಹೀಗೆ ಜೋಡಿಸಿದ ನಮ್ಮ ಹಿಂದಿನವರು ಬಾಯಿಯ ಒಳಗನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರು ಅಂತ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವ ಸ್ಪೀಚ್ ಥೆರಪಿಸ್ಟ್ ಒಬ್ಬರು ರೋಗಿಯ ಹತ್ತಿರ "ಪ-ತ-ಕ, ಪ-ತ-ಕ" ಹೇಳಿಸುವುದೂ ಇದೇ ಲೆಕ್ಕದ ಮೇಲೆ. ತುಟಿ, ನಾಲಿಗೆ ತುದಿ, ನಾಲಿಗೆ ಹಿಂಭಾಗ, ಮೂರನ್ನೂ ಒಂದೇ ಉಸಿರಿಗೆ ಪರೀಕ್ಷೆ ಮಾಡಿದ ಹಾಗಾಗುತ್ತದೆ.

ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆಯುತ್ತೇವೆ, ಆದರೆ ಬಾಯಿ ಹಾಗೆ ಬಿಡಿಬಿಡಿಯಾಗಿ ಆಡುವುದಿಲ್ಲ. ಕನ್ನಡಿ ಮುಂದೆ "ಕಿರಿ", "ಕುರಿ" ಅಂದು ನೋಡಿ. "ಕುರಿ" ಅನ್ನುವಾಗ ಕ್ ಇನ್ನೂ ಶುರುವಾಗುವ ಮೊದಲೇ ತುಟಿ ಗುಂಡಗಾಗಿರುತ್ತದೆ, ಮುಂದೆ ಬರುವ ಉ ಸಲುವಾಗಿ. ಹಾಗಾಗಿ ಎರಡರ ಕ್ ಕೂಡ ಶಬ್ದವಾಗಿ ಒಂದೇ ಅಲ್ಲ. ಕೇಳುವ ನಮಗೆ ಒಂದೇ ಅನ್ನಿಸುತ್ತದೆ. ಅದು ಹೇಗೆ?

## ಕಿವಿಗೆ ಬೀಳುವುದು ಒಂದು, ಕೇಳಿಸುವುದು ಇನ್ನೊಂದು

ಒಳಕಿವಿಯಲ್ಲಿ ಸುರುಳಿ ಸುತ್ತಿದ ಒಂದು ಸಣ್ಣ ಅಂಗ ಇದೆ, ಕಾಕ್ಲಿಯಾ. ಅದರ ಬುಡದ ಕಡೆ ತೀಕ್ಷ್ಣ ಶಬ್ದಕ್ಕೆ, ತುದಿಯ ಕಡೆ ಭಾರದ ಶಬ್ದಕ್ಕೆ ಸ್ಪಂದಿಸುವ ಕೂದಲಿನಂಥ ಕಣಗಳಿವೆ. ಅವು ಶಬ್ದವನ್ನು ಬಿಡಿಸಿ ನರದ ಮೂಲಕ ಮೆದುಳಿಗೆ ಕಳಿಸುತ್ತವೆ. ಅಲ್ಲಿಂದಾಚೆಗೆ ನಿಜವಾದ ಕೆಲಸ.

ಬರೆಯುವಾಗ ಪದಗಳ ನಡುವೆ ಜಾಗ ಬಿಡುತ್ತೇವೆ. ಮಾತಿನಲ್ಲಿ ಬಿಡುವುದಿಲ್ಲ. "ನಾಳೆಬೆಳಿಗ್ಗೆಬರ್ತೀನಿ" ಅಂತ ಒಂದೇ ಎಳೆಯಾಗಿ ಹೊರಗೆ ಬರುತ್ತದೆ. ಶಬ್ದವನ್ನು ಯಂತ್ರದಲ್ಲಿ ಚಿತ್ರವಾಗಿ ನೋಡಿದರೆ ಮೌನ ಕಾಣುವುದು ಪದಗಳ ನಡುವೆ ಅಲ್ಲ, ಎಷ್ಟೋ ಸಲ ಪದದ ಹೊಟ್ಟೆಯೊಳಗೆ. "ಅಪ್ಪ" ಅನ್ನುವಾಗ ತುಟಿ ಮುಚ್ಚಿ ಗಾಳಿ ನಿಲ್ಲುವ ಒಂದು ಕ್ಷಣ ಏನೂ ಶಬ್ದ ಇಲ್ಲ. ಕತೆ ಮತ್ತು ಕತ್ತೆ ನಡುವಿನ ಮುಖ್ಯ ವ್ಯತ್ಯಾಸ ಆ ಮೌನ ಎಷ್ಟು ಹೊತ್ತು ಅನ್ನುವುದೇ. ಸೆಕೆಂಡಿನ ಸಣ್ಣ ಚೂರಿನಷ್ಟು ಮೌನವನ್ನು ಅಳೆದು ಮೆದುಳು ಪದ ತೀರ್ಮಾನಿಸುತ್ತದೆ, ಅದೂ ನಾವು ಗಮನ ಕೊಡದೆ.

ಪ, ಬ ವಿಷಯದಲ್ಲಿ ಇನ್ನೊಂದು ಸಂಗತಿ. ಕಂಪ್ಯೂಟರಿನಲ್ಲಿ ಬ ಧ್ವನಿಯನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಪ ತನಕ ತರಬಹುದು. ಕೇಳುವವರಿಗೆ ಮಾತ್ರ ನಡುವಿನದು ಕೇಳಿಸುವುದಿಲ್ಲ. ಒಂದು ಗೆರೆಯ ತನಕ ಬ, ಗೆರೆ ದಾಟಿದ ತಕ್ಷಣ ಪ. 1957ರಲ್ಲಿ ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯದಲ್ಲಿ ಆಲ್ವಿನ್ ಲಿಬರ್‌ಮನ್ ಮತ್ತು ಸಂಗಡಿಗರು ಇಂಥದ್ದನ್ನು ಮೊದಲು ತೋರಿಸಿದರು, ಬ, ದ, ಗ ಧ್ವನಿಗಳ ಮೇಲೆ. ಮೆದುಳಿಗೆ ಬೇಕಾದ್ದು ನಿಖರವಾದ ಶಬ್ದವಲ್ಲ, ಯಾವ ಗುಂಪಿನದು ಅನ್ನುವ ತೀರ್ಪು. ಕಿರಿಯ ಹುಡುಗಿಯೂ ಮುದುಕರೂ ಬೇರೆ ಬೇರೆ ದನಿಯಲ್ಲಿ ಆಡಿದ ಒಂದೇ ಪದ ನಮಗೆ ಒಂದಾಗಿ ಸಿಗುವುದು ಇದರಿಂದ.

ಕಿವಿಯ ಜೊತೆ ಕಣ್ಣೂ ಸೇರುತ್ತದೆ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಒಂದು ಪ್ರಯೋಗ ಪ್ರಕಟಿಸಿದರು. ಧ್ವನಿ "ಬಾ", ಆದರೆ ತೆರೆಯ ಮೇಲಿನ ತುಟಿ ಆಡುವುದು "ಗಾ". ನೋಡಿದ ಬಹಳ ಜನಕ್ಕೆ ಕೇಳಿಸಿದ್ದು "ದಾ". ಕಣ್ಣು ಮುಚ್ಚಿಕೊಂಡರೆ ಮತ್ತೆ "ಬಾ". ಕೊರೋನಾ ಕಾಲದಲ್ಲಿ ಮಾಸ್ಕ್ ಹಾಕಿಕೊಂಡು ಮಾತಾಡಿದರೆ ಮನೆಯ ಹಿರಿಯರು "ಏನಂದೆ? ಏನಂದೆ?" ಅನ್ನುತ್ತಿದ್ದರಲ್ಲ, ದನಿ ಮಂದವಾಗಿದ್ದು ಒಂದು ಕಾರಣ, ತುಟಿ ಕಾಣದೇ ಹೋಗಿದ್ದು ಇನ್ನೊಂದು.

ಅರ್ಥವೂ ಕಿವಿಗೆ ಸಹಾಯ ಮಾಡುತ್ತದೆ. 1970ರಲ್ಲಿ ರಿಚರ್ಡ್ ವಾರನ್ ಒಂದು ವಾಕ್ಯದ ನಡುವೆ ಒಂದು ಧ್ವನಿಯನ್ನು ಪೂರ್ತಿ ಕತ್ತರಿಸಿ ತೆಗೆದು ಅಲ್ಲಿ ಕೆಮ್ಮು ಸೇರಿಸಿದ. ಕೇಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪದ ಪೂರ್ತಿ ಕೇಳಿಸಿತು ಅಂದರು, ಕೆಮ್ಮು ಎಲ್ಲಿ ಬಂತು ಅಂತ ಸರಿಯಾಗಿ ತೋರಿಸಲು ಆಗಲಿಲ್ಲ. ನಮ್ಮ ಕಡೆ ಇದಕ್ಕೆ ಪ್ರಯೋಗಾಲಯವೇ ಬೇಡ. ಸಂತೆಯಲ್ಲಿ "ಆಸ್ನಕ್ಕೆ ಓಗ್ಬೇಕು" ಅಂತ ಯಾರಾದರೂ ಅಂದರೆ ಹ ಎಲ್ಲೂ ಇಲ್ಲ, ಆದರೂ ನಮಗೆ ಹಾಸನ, ಹೋಗು ಎರಡೂ ತಕ್ಷಣ ಸಿಗುತ್ತವೆ. ಡೇರಿ ಮುಂದೆ ನಿಂತು "ಅರ್ಧ ಲೀಟ್ರು ಆಲು" ಅಂದವರಿಗೆ, ಆಲೂಗೆಡ್ಡೆಗೆ ಹೆಸರಾದ ಈ ಜಿಲ್ಲೆಯಲ್ಲೂ, ಯಾರೂ ಗೆಡ್ಡೆ ತೂಗಿ ಕೊಡುವುದಿಲ್ಲ. ಲೀಟರು ಅನ್ನುವ ಪದ ಕಿವಿಗೆ ಬಿದ್ದ ಕ್ಷಣವೇ ಮೆದುಳು ಮುಂದಿನದಕ್ಕೆ ಬಾಗಿಲು ತೆರೆದಿಟ್ಟಿರುತ್ತದೆ.

ಈ ಊಹೆ ತಪ್ಪಿದಾಗ ಮೆದುಳಿನಲ್ಲಿ ಅಳೆಯಬಹುದಾದ ಗುರುತು ಸಿಗುತ್ತದೆ. "ಕಾಫಿಗೆ ಸಕ್ಕರೆ ಹಾಕಿ" ಬದಲು "ಕಾಫಿಗೆ ಚಪ್ಪಲಿ ಹಾಕಿ" ಅನ್ನುವಂಥ ವಾಕ್ಯ ಬಂದರೆ, ಆ ಹೊಂದದ ಪದ ಬಂದ ಸುಮಾರು 400 ಮಿಲಿಸೆಕೆಂಡಿಗೆ ತಲೆಯ ಮೇಲಿಟ್ಟ ತಂತಿಗಳಲ್ಲಿ ವಿದ್ಯುತ್ತಿನ ಒಂದು ಏರುಪೇರು ದಾಖಲಾಗುತ್ತದೆ. ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ಇದನ್ನು ವರದಿ ಮಾಡಿದರು, ಓದುವವರಲ್ಲಿ. ಕೇಳುವಾಗಲೂ ಅದೇ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು. ರೋಗಿ ಬಾಯಿ ಬಿಡದಿದ್ದರೂ ಅರ್ಥ ಆಗುತ್ತಿದೆಯಾ ಅಂತ ಹೊರಗಿನಿಂದ ನೋಡಲು ಇಂಥ ದಾರಿಗಳಿವೆ.

## ಕೂಸಿನ ಕಿವಿ

ಹುಟ್ಟಿದ ಕೂಸು ಬಹುಪಾಲು ಎಲ್ಲ ಭಾಷೆಗಳ ಧ್ವನಿಗಳನ್ನೂ ಬೇರೆ ಬೇರೆ ಅಂತ ಗುರುತಿಸಬಲ್ಲದು. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ಇಂಗ್ಲಿಷ್ ಮನೆಯ ಮಕ್ಕಳಿಗೆ ಹಿಂದಿಯ ಟ ಮತ್ತು ತ ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಕಂಡುಹಿಡಿದವು. 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಸುತ್ತಲಿನ ಮಾತಿನಲ್ಲಿ ಬೇಕಾಗದ ವ್ಯತ್ಯಾಸವನ್ನು ಕಿವಿ ಬಿಟ್ಟುಬಿಡುತ್ತದೆ. ನಮಗೂ ಇದೇ ಆಗಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಕಾಲದ, ಅಂದರೆ ಸುಮಾರು ಕ್ರಿ.ಶ. 450ರ, ಕನ್ನಡದಲ್ಲಿ ೞ, ಱ ಅನ್ನುವ ಬೇರೆ ಧ್ವನಿಗಳಿದ್ದವು. ಈಗ ನಮ್ಮ ಬಾಯಲ್ಲಿ ಅವಿಲ್ಲ. ತೋಟದ ಕೆಲಸಕ್ಕೆ ಬಂದ ತಮಿಳರ ಬಾಯಲ್ಲಿ ೞ ಹತ್ತಿರದ ಧ್ವನಿ ಬಂದರೆ ನಮ್ಮ ಕಿವಿಗೆ ಸುಮ್ನೆ ಳ ಅಂತಲೇ ಕೇಳಿಸುತ್ತದೆ.

ಮೊದಲ ವರ್ಷದಲ್ಲೇ ಕಿವಿ ಹೀಗೆ ಪಳಗುವುದರಿಂದ, ಶಬ್ದಕ್ಕೆ ತಿರುಗಿ ನೋಡದ ಕೂಸನ್ನು "ನಿಧಾನಕ್ಕೆ ಮಾತಾಡ್ತಾನೆ ಬಿಡಿ, ಅವರಪ್ಪನೂ ಹಂಗೇ" ಅಂತ ಕಾಯುವುದು ಸರಿಯಲ್ಲ. ಕಿವಿ ಪರೀಕ್ಷೆ ಹುಟ್ಟಿದ ಕೆಲವೇ ದಿನಗಳಲ್ಲಿ ಮಾಡಬಹುದು.

## ಮೆದುಳಿನಲ್ಲಿ ಎಲ್ಲಿ

1861ರಲ್ಲಿ ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಅನ್ನುವ 51 ವರ್ಷದ ರೋಗಿ ತೀರಿಕೊಂಡ. ಸುಮಾರು 21 ವರ್ಷ ಅವನು "ತಾಂ" ಅನ್ನುವ ಒಂದೇ ಶಬ್ದ ಆಡುತ್ತಿದ್ದ. ಯಾರು ಏನು ಕೇಳಿದರೂ "ತಾಂ ತಾಂ". ಆದರೆ ಕೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು, ಕೈಸನ್ನೆಯಲ್ಲಿ ಉತ್ತರ ಕೊಡುತ್ತಿದ್ದ. ಸಿಟ್ಟು ಬಂದಾಗ ಮಾತ್ರ ಒಂದು ಬೈಗುಳ ಸ್ಪಷ್ಟವಾಗಿ ಬರುತ್ತಿತ್ತು. ಅವನ ಮೆದುಳನ್ನು ಪರೀಕ್ಷಿಸಿದ ವೈದ್ಯ ಪಾಲ್ ಬ್ರೋಕಾಗೆ ಎಡಭಾಗದ ಮುಂದಿನ ಹಾಲೆಯಲ್ಲಿ ಗಾಯ ಕಂಡಿತು. 1874ರಲ್ಲಿ 26 ವರ್ಷದ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯ ರೋಗಿಗಳ ಬಗ್ಗೆ ಬರೆದ. ಅವರ ಮಾತು ಹರಿಯುತ್ತಿತ್ತು, ಆದರೆ ಅರ್ಥವಾಗುತ್ತಿರಲಿಲ್ಲ, ಬೇರೆಯವರ ಮಾತೂ ಅವರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಅವರಲ್ಲಿ ಪೆಟ್ಟು ಇದ್ದದ್ದು ಎಡಕಿವಿಯ ಮೇಲಿನ, ಹಿಂದಿನ ಭಾಗದಲ್ಲಿ.

ಇವತ್ತಿನ ತಿಳಿವಳಿಕೆ ಇಷ್ಟು ಸರಳವಾಗಿಲ್ಲ. ಒಂದು ಜಾಗಕ್ಕೆ ಒಂದು ಕೆಲಸ ಅಂತ ಗೆರೆ ಎಳೆಯಲು ಬರುವುದಿಲ್ಲ. ಹಲವು ಭಾಗಗಳು ನರದ ಎಳೆಗಳಿಂದ ಕೂಡಿಕೊಂಡು ಒಟ್ಟಿಗೆ ದುಡಿಯುತ್ತವೆ. ಆದರೂ ಬಲಗೈ ಬಳಸುವವರಲ್ಲಿ ಸುಮಾರು 95% ಜನಕ್ಕೆ ಭಾಷೆಯ ಮುಖ್ಯ ಕೆಲಸ ಎಡಭಾಗದಲ್ಲೇ ನಡೆಯುತ್ತದೆ. ಮೆದುಳಿನ ಎಡಭಾಗ ದೇಹದ ಬಲಭಾಗವನ್ನು ಆಡಿಸುವುದೂ ನಿಜ. ಬಲಗೈ ಬಲಗಾಲು ಬಿದ್ದವರಲ್ಲೇ ಭಾಷೆ ಕೆಡುವುದು ಜಾಸ್ತಿ ಯಾಕೆ ಅನ್ನುವುದಕ್ಕೆ ಕಾರಣ ಇಷ್ಟೇ.

ಮಂಚದ ಪಕ್ಕ ಇದು ಹೇಗೆ ಕಾಣುತ್ತದೆ? ಬ್ರೋಕಾ ಬಗೆಯಲ್ಲಿ ಮಾತು ತುಂಡು ತುಂಡು: "ಮಗ... ಬಸ್ಸು... ಹಾಸನ... ನಾಳೆ." ಇಂದ, ಇಗೆ, ಅಲ್ಲಿ, ಕ್ರಿಯಾಪದದ ಕೊನೆ, ಇವೆಲ್ಲ ಉದುರುತ್ತವೆ ಅಥವಾ ಅದಲುಬದಲಾಗುತ್ತವೆ. ಹೇಳುವವರಿಗೆ ತಾನು ಎಡವುತ್ತಿದ್ದೇನೆ ಅಂತ ಗೊತ್ತಿರುತ್ತದೆ. ವೆರ್ನಿಕೆ ಬಗೆಯಲ್ಲಿ ಮಾತು ಸರಾಗ, ರಾಗವೂ ಕನ್ನಡದ್ದೇ, ಆದರೆ ಪದಗಳು ಬೇರೆ ಅಥವಾ ಇಲ್ಲದ ಪದಗಳು. ಇವರನ್ನು ನೋಡಿ ಮನೆಯವರು "ತಲೆ ಕೆಟ್ಟಿತು" ಅಂದುಕೊಳ್ಳುತ್ತಾರೆ. ಇನ್ನು ಕೆಲವರಿಗೆ ಭಾಷೆ ಪೂರ್ತಿ ಇದ್ದು ನಾಲಿಗೆ ತುಟಿಯ ಸ್ನಾಯು ಸೋತು ಮಾತು ತೊದಲುತ್ತದೆ, ಇದು ಅಫೇಸಿಯಾ ಅಲ್ಲ, ಡಿಸಾರ್ಥ್ರಿಯಾ. ಇವರಿಗೆ ಪೆನ್ನು ಕೊಟ್ಟರೆ ಬರೆದು ಹೇಳಬಹುದು. ಅಫೇಸಿಯಾದಲ್ಲಿ ಬರಹವೂ ಸಾಮಾನ್ಯವಾಗಿ ಮಾತಿನ ಜೊತೆಗೇ ಕೆಡುತ್ತದೆ. "ಬರೆದಾದ್ರೂ ತೋರಿಸಿ" ಅಂತ ಒತ್ತಾಯ ಮಾಡಿದರೆ ಅವರ ಸಂಕಟ ಹೆಚ್ಚುತ್ತದೆ ಅಷ್ಟೇ.

ಒಂದು ವಾಕ್ಯ ಆಡಲಾಗದ ಅಜ್ಜಿ ಭಜನೆ ಶುರುವಾದರೆ ಸಾಲಿಗೆ ಸಾಲು ಹೇಳಿಬಿಡಬಹುದು. ಒಂದು, ಎರಡು, ಮೂರು ಅಂತ ಎಣಿಸಬಹುದು, ಲೆಬೋರ್ನ್ ಹಾಗೆ ಬೈಯಲೂಬಹುದು. ಮೊದಲೇ ಬಾಯಿಪಾಠ ಆಗಿದ್ದನ್ನು, ರಾಗಕ್ಕೆ ಅಂಟಿದ್ದನ್ನು, ಹೊಸದಾಗಿ ವಾಕ್ಯ ಕಟ್ಟುವ ದಾರಿಯಲ್ಲೇ ತರಬೇಕಿಲ್ಲ, ಮೆದುಳಿನ ಬಲಭಾಗವೂ ಇದರಲ್ಲಿ ಕೈಜೋಡಿಸುತ್ತದೆ. ಹಾಗಾಗಿ "ಹಾಡು ಬರುತ್ತೆ, ಮಾತು ಬೇಕೂಂತ ಆಡ್ತಿಲ್ಲ" ಅನ್ನುವುದು ಅನ್ಯಾಯದ ಮಾತು. ಅಮೆರಿಕದ ವೈದ್ಯರು 1970ರ ದಶಕದಲ್ಲಿ ಇದನ್ನೇ ಹಿಡಿದು, ಸಣ್ಣ ವಾಕ್ಯಗಳನ್ನು ರಾಗವಾಗಿ ಹೇಳಿಸಿ ಕ್ರಮೇಣ ಮಾತಿಗೆ ತರುವ ಚಿಕಿತ್ಸೆಯೊಂದನ್ನು ರೂಪಿಸಿದರು.

## ಮನೆಯವರು ಮಾಡಬಹುದಾದ್ದು

ಮುಖ ಒಂದು ಕಡೆ ಜೋತು ಬಿದ್ದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತಟ್ಟನೆ ತಪ್ಪಿದರೆ 108ಕ್ಕೆ ಕರೆ ಮಾಡಿ. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ಗುರುತು ಹಾಕಿಕೊಳ್ಳಿ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ 4.5 ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವದಿಂದ ಆಗಿದ್ದರೆ ಅದನ್ನು ಕೊಡುವಂತಿಲ್ಲ, ಯಾವುದು ಅಂತ ಸ್ಕ್ಯಾನ್‌ನಲ್ಲೇ ತಿಳಿಯಬೇಕು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಒಳಗಿನ ಊರುಗಳಿಂದ ಘಟ್ಟದ ತಿರುವಿನ ರಸ್ತೆಯಲ್ಲಿ ಬರುವಷ್ಟರಲ್ಲೇ ಬಹಳ ಹೊತ್ತು ಹೋಗುತ್ತದೆ, ಮೊದಲು ನಾಟಿ ಔಷಧಿಗೆ ಅಂತ ಬೇರೆ ದಾರಿ ಹಿಡಿದರೆ ಆ ಸಮಯ ಮತ್ತೆ ಸಿಗುವುದಿಲ್ಲ. ಬಾಯಿಗೆ ಕಾಫಿ, ನೀರು ಹಾಕಬೇಡಿ. ಮಾತಿನ ಸ್ನಾಯುಗಳೇ ನುಂಗುವ ಕೆಲಸಕ್ಕೂ ಬೇಕು, ನೀರು ಶ್ವಾಸಕೋಶಕ್ಕೆ ಇಳಿಯಬಹುದು.

ಮನೆಗೆ ಬಂದ ಮೇಲೆ ಜೋರಾಗಿ ಕೂಗಿ ಮಾತಾಡುವುದು ಬೇಡ, ಕಿವಿ ಕೆಟ್ಟಿಲ್ಲ. ಟಿವಿ ಆರಿಸಿ, ಎದುರಿಗೆ ಕೂತು, ಮುಖ ಕಾಣುವ ಹಾಗೆ, ಸಣ್ಣ ವಾಕ್ಯದಲ್ಲಿ ಹೇಳಿ. "ಏನು ಬೇಕು?" ಅನ್ನುವ ಬದಲು "ನೀರು ಬೇಕಾ?" ಅಂತ ಕೇಳಿ, ತಲೆ ಆಡಿಸಿ ಉತ್ತರ ಕೊಡಲಿ. ಹೌದು ಅನ್ನಲು ಹೋಗಿ ಇಲ್ಲ ಅನ್ನುವುದೂ ಉಂಟು, ಹಾಗಾಗಿ ಲೋಟ ತೋರಿಸಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಪದ ಹುಡುಕುತ್ತಿದ್ದರೆ ಕಾಯಿರಿ, ತಟ್ಟನೆ ನೀವೇ ಹೇಳಿಬಿಡಬೇಡಿ. ನಿಮಗೆ ಉದ್ದ ಅನ್ನಿಸುವ ಬಿಡುವು ಅವರಿಗೆ ಸಾಲದೇ ಇರಬಹುದು.

ನಮ್ಮ ಜಿಲ್ಲೆಗಳಲ್ಲಿ ಎರಡು ಭಾಷೆಯ ಮನೆಗಳೂ ಇವೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಸಂಕೇತಿಯೋ ಇರುತ್ತದೆ, ಹೊರಗೆ ಕನ್ನಡ ಇರುತ್ತದೆ. ಸ್ಟ್ರೋಕ್ ಆದಾಗ ಸಾಮಾನ್ಯವಾಗಿ ಎರಡೂ ಭಾಷೆ ಒಟ್ಟಿಗೇ ಕೆಡುತ್ತವೆ, ಒಟ್ಟಿಗೇ ಸುಧಾರಿಸುತ್ತವೆ. ಕೆಲವರಲ್ಲಿ ಮಾತ್ರ ಒಂದು ಮೊದಲು ಬರುತ್ತದೆ, ಅದು ತಾಯಿನುಡಿಯೇ ಆಗಬೇಕೆಂದಿಲ್ಲ. ಥೆರಪಿಸ್ಟ್ ಹತ್ತಿರ ಹೋದಾಗ ಮನೆಯಲ್ಲಿ ಯಾವ ಯಾವ ಭಾಷೆ ಇತ್ತು, ಯಾರ ಹತ್ತಿರ ಯಾವುದರಲ್ಲಿ ಮಾತಾಡುತ್ತಿದ್ದರು, ಓದುಬರಹ ಎಷ್ಟಿತ್ತು ಅಂತ ತಪ್ಪದೆ ತಿಳಿಸಿ.

ದೊಡ್ಡ ಆಸ್ಪತ್ರೆಗಳಲ್ಲಿ ಸ್ಪೀಚ್ ಥೆರಪಿಯ ವಿಭಾಗ ಇದೆಯಾ ಅಂತ ಕೇಳಿ ನೋಡಿ. ಇದಕ್ಕಾಗಿಯೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ, 1960ರ ದಶಕದಿಂದ ಕೆಲಸ ಮಾಡುತ್ತಿದೆ, ಹಾಸನದಿಂದ ರೈಲಿನಲ್ಲೂ ಹೋಗಿ ಬರಬಹುದು. ಸುಧಾರಣೆ ಮೊದಲ ಕೆಲವು ತಿಂಗಳಲ್ಲಿ ವೇಗವಾಗಿ ಕಾಣುತ್ತದೆ, ಆಮೇಲೆ ನಿಧಾನವಾಗುತ್ತದೆ. ಆರು ತಿಂಗಳು ಕಳೆದರೆ ಇನ್ನು ಏನೂ ಆಗಲ್ಲ ಅಂತ ಹೇಳುವವರು ಸಿಗುತ್ತಾರೆ, ಆದರೆ ವರ್ಷಗಳ ನಂತರವೂ ಅಭ್ಯಾಸದಿಂದ ಪದಗಳು ಮರಳಿ ಬಂದದ್ದಿದೆ. ಮೊದಲ ಭೇಟಿಯಲ್ಲೇ ಥೆರಪಿಸ್ಟ್ ಹತ್ತಿರ ಇದೊಂದನ್ನು ಕೇಳಿ: ಇವರಿಗೆ ಅರ್ಥವಾಗುವುದು ಎಷ್ಟು, ಪದ ಸಿಗುವುದು ಎಷ್ಟು, ಉಚ್ಚಾರ ಎಷ್ಟು ಅಂತ ಬೇರೆ ಬೇರೆಯಾಗಿ ಹೇಳ್ತೀರಾ? ಮನೆಯಲ್ಲಿ ಯಾರು, ಹೇಗೆ ಮಾತಾಡಿಸಬೇಕು ಅನ್ನುವುದು ಆ ಉತ್ತರದ ಮೇಲೆ ನಿಂತಿರುತ್ತದೆ.